ಕಮಲಾಪುರದ ಹೆಸರಿನ ಕಡಲಪ್ರಾಣಿ

ಕೆಲವರಿಗೆ ನಾಚಿಕೆಗೇಡಿನ ಪ್ರಸಂಗ ಎಂದೋ ಒಮ್ಮೆ ಬರುತ್ತದೆ. ನನ್ನ ಬಳಿಗೆ ಅದು ಮನೆ ವಿಳಾಸ ಕೇಳಿಕೊಂಡೇ ಬರುತ್ತದೆ. ತಪ್ಪು ನನ್ನದೇ. ಕಲಬುರಗಿಯಲ್ಲಿ ಕೂತು ಸಮುದ್ರದ ಪ್ರಾಣಿಯ ಮೇಲೆ ಸಂಶೋಧನೆ ಮಾಡು ಎಂದು ನನಗೆ ಯಾರು ಹೇಳಿದ್ದರು?

ಪ್ರಾಣಿಯ ಹೆಸರು ಬ್ರಯೋಜೋವಾ. ಚಿಪ್ಪಿನ ಮೇಲೆ, ದೋಣಿಯ ತಳದಲ್ಲಿ ಬಿಳಿ ಜಾಲರಿಯಂತೆ ಅಂಟಿಕೊಂಡಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಮ್ಮ ಶಹಾಬಜಾರದ ಮನೆಗಳ ಹಾಗೆ ಗೋಡೆಗೆ ಗೋಡೆ ಹಚ್ಚಿದ ಸುಣ್ಣದ ಕೋಣೆಗಳು, ಕೋಣೆಗೊಂದು ಜೀವ.

ಹೆಣ್ಣು ನೋಡಲು ಹೋದಾಗ

ಕಮಲಾಪುರದಲ್ಲಿ ಹೆಣ್ಣಿನ ತಂದೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ವಿಚಾರಣೆ ಶುರು ಮಾಡಿದರು.

“ಕಾಲೇಜಿನಾಗ ಕಲಸ್ತೀರಿ, ಅದು ಗೊತ್ತಾತು. ಸಂಶೋಧನಾ ಅಂದ್ರಲ್ಲ, ಆ ಪ್ರಾಣಿ ಹಾಲು ಕೊಡ್ತದೇನ್ರಿ?”

“ಇಲ್ರೀ.”

“ಕಚ್ಚತದೇನು?”

“ಇಲ್ರೀ.”

“ಕಣ್ಣಿಗರೆ ಕಾಣಸ್ತದೇನು?”

“ಸರಿಯಾಗಿ ಕಾಣ್ಬೇಕಂದ್ರ ಸೂಕ್ಷ್ಮದರ್ಶಕ ಬೇಕ್ರೀ.”

ಅವರು ಒಳಗೆ ಹೆಂಡತಿಯ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ಪಗಾರ ಮಾತ್ರ ಬರೇ ಕಣ್ಣಿಗೇ ಕಾಣಸ್ತದಲ್ಲ?”

ಮದುವೆಯೇನೋ ಆಯಿತು. ಆ ಪ್ರಶ್ನೆ ಮಾತ್ರ ನನ್ನ ಹೊಟ್ಟೆಯಲ್ಲಿ ಹಾಗೇ ಉಳಿಯಿತು.

ಶಂಖದ ಸ್ನಾನ

ಕಾರವಾರದ ಮೀನುಗಾರರ ಬಲೆಯಲ್ಲಿ ಸಿಕ್ಕಿದ ಒಂದು ಶಂಖವನ್ನು ಗೆಳೆಯರೊಬ್ಬರು ತಂದುಕೊಟ್ಟಿದ್ದರು. ಮೈತುಂಬ ಬ್ರಯೋಜೋವಾ. ಮನೆಯ ಮೇಜಿನ ಮೇಲಿಟ್ಟು ಕಾಲೇಜಿಗೆ ಹೋದೆ.

ಮರುದಿನ ಏಕಾದಶಿ. ನಮ್ಮದು ವೈಷ್ಣವರ ಮನೆ. ಶಂಖ ಅಷ್ಟು ಹೊಲಸಾಗಿ ಬಿದ್ದಿರುವುದನ್ನು ಅವ್ವ ಹೇಗೆ ಸಹಿಸಬೇಕು? ಪೂಜೆಯ ತಂಬಿಗೆ ತಿಕ್ಕುವ ಹುಣಸೆಹಣ್ಣಿನಿಂದಲೇ ಅದನ್ನೂ ತಿಕ್ಕಿ ತಿಕ್ಕಿ ತೊಳೆದು ದೇವರ ಮುಂದೆ ಇಟ್ಟಿದ್ದಳು. ಹುಳಿ ತಾಗಿದರೆ ಸುಣ್ಣದ ಕೋಣೆಗಳು ಉಳಿಯುತ್ತವೆಯೇ? ಇಡೀ ಊರೇ ಮೋರಿಗೆ ಹೋಗಿತ್ತು.

“ನಿನಗ ಏನರೆ ತಿಳೀತದೇನು? ತಿಕ್ಕೂದೊಂದೇ ಗೊತ್ತು!” ಎಂದು ಕೂಗಾಡಿದೆ. ಮೂರು ದಿನ ಮಾತು ಬಿಟ್ಟೆ. ಅವ್ವ ಹೊತ್ತಿಗೆ ಸರಿಯಾಗಿ ತಾಟು ಬಡಿಸಿ ಹೋಗುತ್ತಿದ್ದಳು. ನೆನೆಸಿಕೊಂಡರೆ ಈಗಲೂ ತಲೆ ತಗ್ಗುತ್ತದೆ. ಶಂಖ ಮಾತ್ರ ಫಳಫಳ ಹೊಳೆಯುತ್ತ ದೇವರ ಮನೆಯಲ್ಲೇ ಇದೆ. ದಿನಾ ಅದಕ್ಕೆ ಕೈ ಮುಗಿಯುತ್ತೇನೆ.

ಖಾಲಿ ಮನೆಗಳು

ಪುಣ್ಯಕ್ಕೆ ಅದೇ ಬಲೆಯ, ಬ್ರಯೋಜೋವಾ ಅಂಟಿದ್ದ ಇನ್ನೊಂದು ಚಿಪ್ಪು ಕಾಲೇಜಿನ ಲ್ಯಾಬಿನಲ್ಲಿತ್ತು. ಒಳಗಿನ ಜೀವ ಕರಗಿ ಕೋಣೆಗಳಷ್ಟೇ ಉಳಿಯಲೆಂದು ಬ್ಲೀಚಿನಲ್ಲಿ ನೆನೆಸಿ, ನಾನೇ ಕೈಯಾರೆ ಸ್ವಚ್ಛ ಮಾಡಿ ನೋಡಿದೆ. ಇದನ್ನು ಹೋಲುವ ಜಾತಿಗೆ ಪ್ರತಿ ಕೋಣೆಯ ಬಾಯಿಗೂ ನಾಲ್ಕು ಮುಳ್ಳು ಇರಬೇಕೆಂದು ಪುಸ್ತಕದಲ್ಲಿತ್ತು. ನನ್ನದರಲ್ಲಿ ಒಂದೂ ಇಲ್ಲ! ಹೊಸ ಜಾತಿ ಎಂದು ಕೂತಲ್ಲೇ ಚೀರಿದೆ.

ಅಟೆಂಡರ್ ಚಾಚಾ ಓಡಿ ಬಂದರು. ತಾವೂ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

“ಸಾಬ್, ಇಷ್ಟೊಂದು ಮನಿ ಅವ, ಒಬ್ಬರೂ ಕಾಣವಲ್ರು. ಸಬ್ ಕೆ ಸಬ್ ದುಬೈಗಿ ಹೋಗ್ಯಾರೇನು?”

ನಾನು ನಕ್ಕೆ. ಇವನ್ನು ಖಾಲಿ ಮಾಡಿದ್ದು ನಾನೇ, ಮತ್ತೇನೇನು ಕಿತ್ತು ಹಾಕಿದ್ದೇನೋ ಎಂದು ಆಗಲೇ ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ.

ಸತ್ಕಾರ

ಹೊಸ ಜಾತಿಗೆ ವರ್ಣನೆ ಬರೆದವರೇ ಹೆಸರಿಡಬಹುದು. ಹೆಣ್ಣು ನೋಡಿದ ದಿನದ ಸಿಟ್ಟು ತೀರಿಸಿಕೊಳ್ಳಲು ಕಣ್ಣಿಗೆ ಸರಿಯಾಗಿ ಕಾಣದ ಆ ಪ್ರಾಣಿಗೆ ಕಮಲಾಪುರದ ಹೆಸರನ್ನೇ ಇಟ್ಟು ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಿ, ಮಾವನವರಿಗೆ ಫೋನ್ ಮಾಡಿದೆ. ಅವರು ಹಿಗ್ಗಿ ಹೀರೇಕಾಯಿಯಾದರು. ಲೇಖನಕ್ಕೆ ಉತ್ತರ ಬರುವ ಮೊದಲೇ ಕಮಲಾಪುರದಲ್ಲಿ ಶಾಲು, ಹಾರ, ಒಂದು ಇಡೀ ಗೊನೆ ಕೆಂಪು ಬಾಳೆಹಣ್ಣು, ಊರ ಮಂದಿ ಎಲ್ಲ ಸಿದ್ಧ. ಅವ್ವನನ್ನು ಮುಂದಿನ ಸಾಲಿನಲ್ಲಿ ಕೂಡಿಸಿದ್ದರು.

“ಸಮುದ್ರ ಇಲ್ಲದ ನಮ್ಮೂರ ಹೆಸರು ಸಮುದ್ರದಾಗ ಇಟ್ಟಾರ ನಮ್ಮ ಅಳಿಯಂದಿರು!” ಎಂದು ಮಾವನವರು ಸಾರುತ್ತಿದ್ದಾಗ ನನ್ನ ಜೇಬಿನಲ್ಲಿ ಮೊಬೈಲ್ ಗುಂಯ್‌ಗುಟ್ಟಿತು. ಲೇಖನ ಪರೀಕ್ಷಿಸಿದವರ ಪತ್ರ. ‘ಇದು ಹಳೆಯ ಜಾತಿಯೇ. ನಿಮ್ಮ ಚಿತ್ರದಲ್ಲೇ ಪ್ರತಿ ಬಾಯಿಯ ಬಳಿ ಮುರಿದ ಮುಳ್ಳಿನ ನಾಲ್ಕು ಮೋಟುಗಳು ಕಾಣುತ್ತವೆ. ಮಾದರಿಯನ್ನು ಯಾವುದರಿಂದ ಸ್ವಚ್ಛ ಮಾಡಿದಿರಿ?’

ಹಲ್ಲುಜ್ಜುವ ಬ್ರಷ್ಷಿನಿಂದ.

ಅಷ್ಟರಲ್ಲಿ ಶಾಲು ಹೆಗಲಿಗೆ ಬಿದ್ದಿತ್ತು. ಮುಚ್ಚಿಟ್ಟು ಬಾಳೆಹಣ್ಣು ಹೊತ್ತುಕೊಂಡು ಹೋಗಿಬಿಡಬಹುದಿತ್ತು. ಅವ್ವ ಎದುರಿಗೇ ಕೂತಿದ್ದಳು, ಆಗಲಿಲ್ಲ. ಮೈಕ್ ಹಿಡಿದು ಹೇಳಿದೆ: “ಹೊಸ ಜಾತಿ ಅಲ್ರೀ. ಹಳೇದೇ. ಮುಳ್ಳು ಇದ್ದುವು, ನಾನೇ ಬ್ರಷ್ಷಿಲೆ ತಿಕ್ಕಿ ಮುರದೀನಿ.”

ಮಾವನವರು ಗೊನೆಯ ಹಿಂದೆ ಮುಖ ಮರೆಸಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಅವ್ವಾ, ನನ್ನದು ತಪ್ಪಾತು,” ಎಂದೆ. ಅದೂ ಮೈಕಿನಲ್ಲೇ.

ಅವ್ವ ನಿಧಾನವಾಗಿ ಎದ್ದು ಸೆರಗು ಸರಿ ಮಾಡಿಕೊಂಡಳು.

“ಅಲ್ಲೋ, ನಾ ತಿಕ್ಕಿದಾಗ ನನ್ನ ಜೋಡಿ ಮೂರು ದಿವಸ ಮಾತು ಬಿಟ್ಟಿದ್ದಿ. ಈಗ ನಿನ್ನ ಜೋಡಿ ನೀ ಎಷ್ಟು ದಿವಸ ಮಾತು ಬಿಡ್ತೀ?”