ಕೊಬ್ಬರಿ ಮಾವನ ಹೆಣಿಗೆ

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿದೆ ಎಂದು ಅರಸೀಕೆರೆಯ ಅವರ ಬೀದಿಯಲ್ಲೆಲ್ಲ ಸುದ್ದಿಯಾದ ದಿನ ಅವರು ಮಾಡಿದ್ದಿಷ್ಟೇ: ಜಗಲಿಯ ಮೇಲೆ ಕುಳಿತು ತಮ್ಮದೇ ಹಳೆಯ ಸ್ವೆಟರನ್ನು ತೋಳಿನಿಂದ ಎಳೆಎಳೆಯಾಗಿ ಬಿಚ್ಚತೊಡಗಿದ್ದು. ಅರವತ್ತೆರಡನೆಯ ವಯಸ್ಸಿನವರೆಗೆ ಕೊಬ್ಬರಿ ಬಿಟ್ಟು ಬೇರೇನನ್ನೂ ಮುಟ್ಟದ ವ್ಯಾಪಾರಿ ಹೆಣಿಗೆ ಕಲಿಯಲು ಹೊರಟಿದ್ದರು! ಕೆಲಸದ ಮೇಲೆ ಅಲ್ಲಿದ್ದ ನಾನು ಅವರ ಮನೆಯಲ್ಲೇ ಉಳಿದಿದ್ದೆ.

"ಹೊಸ ಉಲ್ಲನ್ ತರಬಾರದಾ ಮಾವ?" ಎಂದೆ.

"ಹಾಳ್ಮಾಡೋಕೆ ಹೊಸದ್ಯಾಕೆ? ಹಳೇದೇ ಸಾಕು."

ಬಿಚ್ಚಿದ ನೂಲು ಶಾವಿಗೆಯಂತೆ ಸುರುಳಿಯಾಗಿತ್ತು. ಅದನ್ನು ನೆನೆಸಿ, ನೆಟ್ಟಗಾಗಲೆಂದು ತುದಿಗೆ ತೆಂಗಿನಕಾಯಿ ಕಟ್ಟಿ ತೊಲೆಗೆ ನೇತುಹಾಕಿದರು. ಪಕ್ಕದ ಮನೆಯಾಕೆ ಇಣುಕಿ ನೋಡಿ, "ಇದೇನ್ರೀ, ಪಾಪ, ಕಾಯಿಗೆ ನೇಣು ಹಾಕ್ಬಿಟ್ಟಿದೀರಾ?" ಎಂದರು.

ಇನ್ನು ಕಡ್ಡಿ. ತೆಂಗಿನ ಸೀಮೆಯಲ್ಲಿ ಹುಟ್ಟಿದವರು ಕಡ್ಡಿಯನ್ನು ಅಂಗಡಿಯಿಂದ ತರುತ್ತಾರೆಯೇ? ಗರಿಯ ಕಡ್ಡಿ ಮೂರನೆಯ ಕುಣಿಕೆಗೇ ಲಟಕ್ಕೆಂದಿತು. ಕೊನೆಗೆ ಮೂಲೆಯ ಹಳೆ ಸೈಕಲ್ಲಿನಿಂದ ಎರಡು ಕಡ್ಡಿ ಕಿತ್ತು, ಒಗೆಯುವ ಕಲ್ಲಿಗೆ ಉಜ್ಜಿ ನುಣುಪು ಮಾಡಿದರು. ಆ ಸಣ್ಣ ಕಡ್ಡಿಗಳಲ್ಲಿ ಬಿಗಿದು ಬಿಗಿದು ಹೆಣೆದ ಮೊದಲ ತುಂಡು ತಗಡಿನ ಹಾಗೆ ತಾನೇ ನಿಂತುಕೊಂಡಿತು! ಅತ್ತೆ ಅದನ್ನು ಬಿಸಿ ಪಾತ್ರೆ ಇಳಿಸಲು ಇಟ್ಟುಕೊಂಡರು.

ಗುರುಗಳೋ, ಮೊಬೈಲಿನಲ್ಲಿ ಹಿಂದಿ ಮಾತಾಡುವ ಒಬ್ಬ ಹೆಂಗಸು. ಮಾವನಿಗೆ ಹಿಂದಿ ಬಾರದು. "ಸ್ವಲ್ಪ ನಿಧಾನ ತಾಯೀ!" ಎಂದು ಮೊಬೈಲಿಗೇ ಕೈಮುಗಿಯುತ್ತಿದ್ದರು.

ಬೇಲೂರಿನಲ್ಲಿದ್ದ ನಮ್ಮಮ್ಮ ಮಾವನ ಅಕ್ಕ. ಹೆಣಿಗೆಯಲ್ಲಿ ಎತ್ತಿದ ಕೈ. "ಅಮ್ಮನಿಗೇ ಫೋನ್ ಮಾಡಿ ಕೇಳ್ಬಾರ್ದಾ?" ಎಂದರೆ, "ಅವಳ ಹತ್ರ ಬಾಯ್ಬಿಟ್ಯೋ, ಜೋಕೆ!" ಎಂದು ಗದರಿದರು.

ಕೈ ಕೂತ ಮೇಲೆ ಮಾವ ಹೊಸ ನೀಲಿ ಉಲ್ಲನ್ ತಂದರು, ದಪ್ಪ ಕಡ್ಡಿಯನ್ನೂ ತಂದರು. ನಾಲ್ಕು ಸಲ ಬಿಚ್ಚಿ ಹೆಣೆದರು. ಒಂದು ಭಾನುವಾರ, "ನಡಿ, ಬೇಲೂರಿಗೆ" ಎಂದು ನನ್ನನ್ನು ಬಸ್ಸು ಹತ್ತಿಸಿದರು. ಒಂದು ತೋಳು ಇನ್ನೂ ಬಾಕಿಯಿತ್ತು. ಹಳೇಬೀಡಿನ ಹತ್ತಿರ ಉಂಡೆ ಕೈತಪ್ಪಿ ಸೀಟುಗಳ ಕೆಳಗೆ ಉರುಳಿತು. ಹತ್ತಿದ ಪ್ರವಾಸಿಗಳ ಕಾಲಿಗೆಲ್ಲ ನೀಲಿ ನೂಲು! ಕಂಡಕ್ಟರ್ ನಿಂತು ನೋಡಿ, "ಯಜಮಾನ್ರೇ, ಬಸ್ಸಿಗೇ ಸ್ವೆಟರ್ ಹಾಕ್ತಿದೀರಾ ಹೆಂಗೆ?" ಎಂದ.

ಅಂತೂ ಬೇಲೂರು ಬರುವಷ್ಟರಲ್ಲಿ ತೋಳು ಮುಗಿಯಿತು.

ಎರಡು ವರ್ಷದಿಂದ ಅಮ್ಮನಿಗೆ ಕಣ್ಣು ಕಾಣದು, ಬರೀ ನೆರಳು. ನಮ್ಮ ಮನೆತನದ ಮಕ್ಕಳೆಲ್ಲ ಬೆಳೆದದ್ದು ಅವಳು ಹೆಣೆದ ಟೋಪಿ, ಸ್ವೆಟರುಗಳಲ್ಲೇ. ಮಾವ ಸ್ವೆಟರನ್ನು ಅವಳ ಮಡಿಲಲ್ಲಿಟ್ಟರು. ಅಮ್ಮ ಬೆರಳಾಡಿಸಿದಳು.

"ಇಲ್ಲೊಂದು ಕುಣಿಕೆ ಜಾರೈತೆ. ಇಲ್ಲೆರಡು. ಈ ತೋಳು ಉದ್ದ. ಯಾರು ಕಣೋ ಹೆಣೆದದ್ದು, ಇಷ್ಟು ಕೆಟ್ಟದಾಗಿ?"

ಮಾವ ತಲೆ ತಗ್ಗಿಸಿದರು. "ನಾನೇ ಕಣಕ್ಕ. ಕೊಡು, ಬಿಚ್ಚಿ ಸರಿಮಾಡ್ಕೊಂಡು ಬತ್ತೀನಿ."

ಅಮ್ಮನ ಕೈ ನಿಂತಿತು. ಸ್ವೆಟರನ್ನು ಎದೆಗೆ ಅವುಚಿಕೊಂಡಳು. "ಮುಟ್ಟಿದ್ರೆ ನೋಡು! ನಂಗೆ ಅಂತ ಒಬ್ರು ಹೆಣೆದಿರೋದು ಇದೊಂದೇ ಕಣೋ."

ಅವತ್ತು ಬೇಲೂರಿನಲ್ಲಿ ಸುಡುವ ಬಿಸಿಲು. ತೊಟ್ಟ ಸ್ವೆಟರನ್ನು ಅಮ್ಮ ಸಂಜೆಯವರೆಗೂ ಬಿಚ್ಚಲಿಲ್ಲ.