ಗದಿಗೆಪ್ಪ ಕಂಬಳಿಯವರು ತಲೆಬರಹಕ್ಕೆ ಗೆರೆ ಎಳೆದ ಪ್ರಸಂಗ

ಕೇಳಿರಯ್ಯಾ, ಟೈಪ್‌ರೈಟರುಗಳೆಂಬ ಲೋಹಗಜಗಳು ಉಗ್ರಾಣ ಸೇರಿ, ಕಚೇರಿಕಚೇರಿಗಳಲ್ಲಿ ಕಂಪ್ಯೂಟರುಗಳು ಪಟ್ಟಾಭಿಷಿಕ್ತವಾದ ವಿಷಮ ಯುಗದಲ್ಲಿ, ರೋಣ ಸೀಮೆಯ ಹೈಸ್ಕೂಲೊಂದರ ಗುಮಾಸ್ತಪೀಠವನ್ನು ಅಲಂಕರಿಸಿದ್ದ ಕೀಲಿಮಣೆಕೋಲಾಹಲ, ಕಾರ್ಬನ್‌ಕಾಗದಕಂಠೀರವ, ಇಪ್ಪತ್ತೇಳು ವರ್ಷ ಯಾರನ್ನೂ ಏನನ್ನೂ ಕೇಳದೆ ನೌಕರಿ ಮಾಡಿದ ಶ್ರೀಮದ್ ಗದಿಗೆಪ್ಪ ಕಂಬಳಿಯವರ ಸಾಹಸವನ್ನು! ಅಂದು ಸಂಜೆ ಐದೂವರೆಯೊಳಗೆ ಹತ್ತನೆಯ ತರಗತಿಯ ಐವತ್ತನಾಲ್ಕು ಮಕ್ಕಳ ಹೆಸರಿನ ಪಟ್ಟಿ ಮೇಲಿನ ಕಚೇರಿ ಮುಟ್ಟಬೇಕಿತ್ತು. ಮುಟ್ಟದಿದ್ದರೆ ಆ ಮಕ್ಕಳಿಗೆ ಹಾಲ್‌ಟಿಕೆಟ್ ಬರುತ್ತಿರಲಿಲ್ಲ.

ದಶಾಂಗುಲಿಗಳನ್ನು ಏಕಕಾಲಕ್ಕೆ ಛೂ ಬಿಟ್ಟು, ಹನ್ನೊಂದೂವರೆಗೆಲ್ಲ ಐವತ್ತನಾಲ್ಕೂ ಹೆಸರುಗಳನ್ನು ವೀರರು ಬಡಿದು ಕೆಡವಿದರು. ಉಳಿದದ್ದು ತಲೆಬರಹಕ್ಕೊಂದು ಅಡಿಗೆರೆ. ಗೆರೆಯಿಲ್ಲದ ತಲೆಬರಹ ಟೈಪಿಸ್ಟರ ಕಣ್ಣಿಗೆ ಗುಂಡಿ ಹಾಕದ ಅಂಗಿ. ಪರದೆಯ ಮೇಲ್ತುದಿಯ ಬಲಮೂಲೆಯಲ್ಲಿ ಪುಟ್ಟ ಗೆರೆಯೊಂದು ಕಂಡಿತು. ಇದೇ ಇರಬೇಕೆಂದು ಮೌಸನ್ನು ಒಯ್ದು ಒತ್ತಿದರು. ಪಟ್ಟಿ ಮಾಯ! ಹಸಿರು ಗುಡ್ಡದ ಚಿತ್ರವನ್ನು ಹೊದ್ದ ಡೆಸ್ಕ್‌ಟಾಪೊಂದೇ ಅವರನ್ನು ನೋಡುತ್ತಿತ್ತು.

"ಎಲೈ ಪಟ್ಟಿಭಕ್ಷಕ ಯಂತ್ರಾಧಮನೇ! ನಿಮಿಷಕ್ಕೆ ಅರವತ್ತು ಶಬ್ದಗಳನ್ನು ಸುರಿಸಿ ಮೂವರು ಹೆಡ್‌ಮಾಸ್ತರರನ್ನು ದಣಿಸಿದ ಕೈಗಳಿವು! ನೀನು ನುಂಗುವಷ್ಟು ಸಲವೂ ನಾನು ಬಡಿಯುವೆನು, ನೋಡು!" ಎಂದು ಗರ್ಜಿಸಿದರು. ಹಾಳೆ ಕೆಟ್ಟರೆ ಹೊಸ ಹಾಳೆ, ಅದು ಟೈಪಿಸ್ಟರ ಧರ್ಮ. ಪುನಃ ಐವತ್ತನಾಲ್ಕು ಹೆಸರು, ಪುನಃ ಗೆರೆ, ಪುನಃ ಗುಡ್ಡ. ಊಟದ ಬುತ್ತಿ ಬಿಚ್ಚಲೇ ಇಲ್ಲ. ನಾಲ್ಕನೆಯ ಪಟ್ಟಿಯೂ ಕಣ್ಮರೆಯಾದಾಗ ಗಂಟೆ ನಾಲ್ಕೂವರೆ. ಮಕ್ಕಳ ಮುಖ ನೆನೆದು ಕಂಬಳಿಯವರಿಗೆ ನಿಜವಾಗಿಯೂ ಅಳು ಬಂತು.

ಆಗ ಚಹಾ ಹಿಡಿದು ಬಂದವಳು ಶಾಲೆಯ ಸಿಪಾಯಿ ನೀಲವ್ವ.

"ಯಾಕ್ರೀ ಸರ, ಹಿಂಗ್ಯಾಕ ಕುಂತೀರಿ?"

"ಮ್ಯಾಲಿನ ಗೆರಿ ಒತ್ತಿದ ಕೂಡ್ಲೆ ಪಟ್ಟಿ ಹೋತವಾ. ನಾಕು ಸಲ ಮಾಡಿದೆ, ನಾಕೂ ಸಲ ಹೋತು." ಕಂಬಳಿಯವರು ಇಪ್ಪತ್ತೇಳು ವರ್ಷದಲ್ಲಿ ಆಡದ ಮಾತೊಂದನ್ನು ಆಡಿದರು. "ಏನ್ ಮಾಡ್ಬೇಕವಾ ಈಗ?"

"ಎಲ್ಲೂ ಹೋಗಿಲ್ರೀ. ಮಾಸ್ತರಗೋಳ ಟ್ರೇನಿಂಗ್‌ನ್ಯಾಗ ಚಾ ಕೊಡೂಮುಂದ ನೋಡೇನಿ. ಆ ಗೆರಿ ಒತ್ತಿದ್ರ ಕೆಳಗಿನ ಸಾಲಿನ್ಯಾಗ ಹೋಗಿ ಕುಂದರ್ತಾವ."

ಡೆಸ್ಕ್‌ಟಾಪಿನ ಪಾದಮೂಲದಲ್ಲಿ ಒಂದು ಬೆರಳಗಲದ ಸಾಲು, ಟಾಸ್ಕ್‌ಬಾರು, ಬೆಳಗಿನಿಂದ ತೆಪ್ಪಗೆ ಬಿದ್ದುಕೊಂಡಿತ್ತು. ಅಲ್ಲಿದ್ದ ಪುಟ್ಟ ಗುರುತನ್ನು ಒತ್ತಿದ್ದೇ ತಡ, ನಾಲ್ಕು ಪಟ್ಟಿಗಳೂ ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಎದ್ದು ನಿಂತವು. ಮಹಾಸಮರವು ಒಂದು ಒತ್ತಿಗೆ ಮುಗಿಯಿತು. ಹತ್ತೇ ನಿಮಿಷದಲ್ಲಿ ಪಟ್ಟಿ ಅಚ್ಚಾಗಿ ಡ್ರಿಲ್ ಮಾಸ್ತರರ ಬೈಕ್ ಏರಿತು.

ಹೆಡ್‌ಮಿಸ್ಟ್ರೆಸ್ ಅನ್ನಪೂರ್ಣಾ ಅಕ್ಕೋರು ಬಾಗಿಲಲ್ಲಿ ಇಣುಕಿದರು. "ಏನ್ರೀ ಕಂಬಳಿಯವರ, ಒಂದು ಪಟ್ಟಿಗೆ ಇಡೀ ದಿವಸ ಬೇಕಾತೇನು?"

ನೀಲವ್ವ ಲೋಟ ಎತ್ತಿಕೊಂಡಳು. ಕಂಬಳಿಯವರು ಅವಳತ್ತ ಒಮ್ಮೆ ನೋಡಿ, ಎದ್ದು ನಿಂತರು.

"ನನಗ ಗೊತ್ತಿರಲಿಲ್ರೀ ಅಕ್ಕೋರ. ನೀಲವ್ವ ತೋರಿಸಿದ್ಲು. ಸ್ವಲ್ಪ ಕೆಳಗ ನೋಡಬೇಕಂತ್ರಿ."