ತುಕ್ಕು ಸಂಘದ ತುಂಬಿದ ವೇದಿಕೆ

ಸಂಘಕ್ಕೆ ಸದಸ್ಯರಾಗುವುದು ಬೇರೆ, ಸಂಘದ ಸಭೆಗೆ ಹೋಗುವುದು ಬೇರೆ. ಇವೆರಡೂ ಒಂದೇ ಎಂದು ತಿಳಿದಿರುವ ಅಮಾಯಕನನ್ನು ಹುಡುಕಿ ಕಾರ್ಯದರ್ಶಿ ಮಾಡುತ್ತಾರೆ. ನನ್ನನ್ನು ಮಾಡಿದ್ದೂ ಹಾಗೆಯೇ. ಬೇಡ ಬೇಡ ಎಂದರೂ ಬಲವಂತವಾಗಿ ನನ್ನ ತಲೆಗೆ ಕಟ್ಟಿದರು ಎಂದು ಎಷ್ಟೋ ಕಡೆ ಹೇಳಿಕೊಂಡಿದ್ದೇನೆ. ಆದರೆ ಆ 'ಬೇಡ'ವನ್ನು ಎಷ್ಟು ಗಟ್ಟಿಯಾಗಿ ಅಂದೆ ಎಂಬುದು ಈಗ ಖಾತ್ರಿಯಿಲ್ಲ. ಪಕ್ಕದ ಕುರ್ಚಿಯವರಿಗೂ ಕೇಳಿಸಿರಲಿಕ್ಕಿಲ್ಲ. ನನ್ನ ನೆನಪು ನನ್ನ ಖರ್ಚಿನಲ್ಲೇ ಬದುಕುವ ವಕೀಲ. ಅವನು ಹೇಳಿದ್ದನ್ನೆಲ್ಲ ನೀವು ನಂಬಬೇಕಾಗಿಲ್ಲ, ನಾನೂ ನಂಬುವುದಿಲ್ಲ.

ನಮ್ಮದು ತುಕ್ಕಿನ ಬಗ್ಗೆ ಅಧ್ಯಯನ ಮಾಡುವ ವಿಜ್ಞಾನಿಗಳ, ಇಂಜಿನಿಯರುಗಳ ಸಂಘ. ಕೇಂದ್ರ ಕಚೇರಿ ಪುಣೆಯಲ್ಲಿ, ನಮ್ಮದು ಬೆಂಗಳೂರು ಶಾಖೆ. ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುತ್ತದೆ, ಹಿಡಿಯದಂತೆ ಏನು ಮಾಡಬೇಕು ಎಂದು ಪ್ರತಿ ತಿಂಗಳ ಮೂರನೆಯ ಶನಿವಾರ ಚಾಮರಾಜಪೇಟೆಯ ಒಂದು ವಾಚನಾಲಯದ ಮಹಡಿಯ ಮೇಲೆ ಚರ್ಚಿಸುತ್ತಿದ್ದೆವು. ಬಸವನಗುಡಿಯ ನಮ್ಮ ನೆರೆಮನೆಯವರಿಗೆ ಇದನ್ನು ವಿವರಿಸಲು ಹೋಗಿ ಪೆಚ್ಚಾಗಿದ್ದೇನೆ. "ತುಕ್ಕು ಹಿಡಿಯೋದಕ್ಕೂ ಒಂದು ಸಂಘ ಬೇಕೇನ್ರೀ ಮೂರ್ತಿಗಳೇ? ನಮ್ಮನೆ ಗೇಟಿಗೆ ಯಾವ ಸಂಘಾನೂ ಇಲ್ದೆ ಚೆನ್ನಾಗೇ ಹಿಡಿದಿದೆ" ಎಂದರು ಅವರು. ಆಮೇಲೆ ಸಂಘದ ಪರವಾಗಿ ಆ ಗೇಟಿಗೊಂದು ಉಪಾಯ ಹೇಳಿಕೊಟ್ಟೆ. ಆ ಗೇಟು ಈಗ ತೆಗೆಯಲೂ ಬರುವುದಿಲ್ಲ, ಹಾಕಲೂ ಬರುವುದಿಲ್ಲ. ಅದು ಬೇರೆ ಕಥೆ.

ತೊಂಬತ್ತರ ದಶಕದ ನಡುವಿನ ಯಾವುದೋ ಒಂದು ವರ್ಷ ಪುಣೆಯಿಂದ ಕಾಗದ ಬಂತು. ನಿಮ್ಮ ಶಾಖೆಯಲ್ಲಿ ಸದಸ್ಯರ ಪಾಲ್ಗೊಳ್ಳುವಿಕೆ ಕಡಿಮೆಯಾಗಿದೆಯೆಂದು ತಿಳಿದುಬಂದಿದೆ, ಕೇಂದ್ರ ಅಧ್ಯಕ್ಷರೇ ಖುದ್ದು ಬಂದು ಸಭೆಯನ್ನು ನೋಡಲಿದ್ದಾರೆ, ಪರಿಸ್ಥಿತಿ ಹೀಗೇ ಇದ್ದರೆ ಶಾಖೆಯನ್ನು ಮದ್ರಾಸಿನ ಶಾಖೆಯೊಂದಿಗೆ ಸೇರಿಸಲಾಗುವುದು ಎಂದಿತ್ತು. ನನಗೆ ಎದೆ ಧಸಕ್ಕೆಂದಿತು. ವಿಜ್ಞಾನಕ್ಕಾಗುವ ನಷ್ಟವನ್ನು ನೆನೆದು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜ ಏನೆಂದರೆ, ನಾನು ಕೆಲಸ ಮಾಡುತ್ತಿದ್ದ ಪೇಂಟಿನ ಕಾರ್ಖಾನೆಯಲ್ಲಿ ನಾನು ಬರೀ ಒಬ್ಬ ಕೆಮಿಸ್ಟು. ಡಬ್ಬಿಯ ಮುಚ್ಚಳ ತೆಗೆಯುವುದು, ಕಲಕುವುದು, ಸಹಿ ಹಾಕುವುದು. ನನಗಿಂತ ಚಿಕ್ಕವರೂ ಅಲ್ಲಿ "ಏನಪ್ಪಾ ಮೂರ್ತಿ" ಎನ್ನುತ್ತಿದ್ದರು. ಭೂಮಿಯ ಮೇಲೆ ನಾನು 'ಗೌರವ ಕಾರ್ಯದರ್ಶಿ'ಯಾಗಿದ್ದದ್ದು ಆ ಮಹಡಿಯ ಮೇಲೆ ಮಾತ್ರ. ಶಾಖೆ ಮದ್ರಾಸಿಗೆ ಹೋದರೆ ನನ್ನ ಗೌರವವೂ ಅದೇ ರೈಲು ಹತ್ತುತ್ತಿತ್ತು.

ಸದಸ್ಯರನ್ನು ಹುರಿದುಂಬಿಸಲು ನಾನೇನೂ ಪ್ರಯತ್ನಪಡದೆ ಇರಲಿಲ್ಲ. ಆಹ್ವಾನದ ಕಾರ್ಡಿನಲ್ಲಿ ಮೊದಮೊದಲು ಉಪನ್ಯಾಸದ ವಿಷಯ ಮಾತ್ರ ಅಚ್ಚಾಗುತ್ತಿತ್ತು. ಯಾರೂ ಬರುತ್ತಿರಲಿಲ್ಲ. 'ಉಪನ್ಯಾಸದ ನಂತರ ವಡೆ, ಕಾಫಿ' ಎಂದು ಸೇರಿಸಿದೆ. ಎಲ್ಲರೂ ಉಪನ್ಯಾಸದ ನಂತರ ಬಂದರು. ವಡೆಯನ್ನು ಉಪನ್ಯಾಸಕ್ಕೆ ಮೊದಲೇ ಇಟ್ಟೆ. ತಿಂದು, ಕೈ ತೊಳೆದು, "ಬಹಳ ಒಳ್ಳೇ ಕಾರ್ಯಕ್ರಮ" ಎಂದು ಹೊಗಳಿ ಇಳಿದುಹೋದರು. ಇವರನ್ನು ಹಿಡಿಯಲೇಬೇಕೆಂದು ಉಪನ್ಯಾಸದ ನಡುವೆ ಇಟ್ಟೆ. ಆಗ ನಡುವೆ ಬಂದು ನಡುವೆಯೇ ಹೋಗುವ ಕಲೆಯನ್ನು ಕಲಿತರು. ತರಗುಪೇಟೆಯ ಮಂಡಿ ಮನೆತನದಲ್ಲಿ ಹುಟ್ಟಿ, ಲೋಹಶಾಸ್ತ್ರ ಓದಿ, ಪೀಣ್ಯದಲ್ಲಿ ನಿಕ್ಕಲ್ ಲೇಪನದ ಘಟಕ ನಡೆಸುತ್ತಿದ್ದ ನಂಜುಂಡಪ್ಪನವರು ನನ್ನ ಭುಜ ತಟ್ಟಿದರು. "ನೋಡಿ ಮೂರ್ತಿಗಳೇ, ಪದೇ ಪದೇ ವಡೆ ಜಾಗ ಬದಲಾಯಿಸ್ಬೇಡಿ, ಜನ ಗಾಬರಿ ಆಗ್ತಾರೆ. ನಿಮ್ಮಂಥೋರು ಇರೋದ್ರಿಂದಾನೇ ಸಂಘ ನಡೀತಿರೋದು." ಈ ಕೊನೆಯ ವಾಕ್ಯವನ್ನು ಯಾರಾದರೂ ನಿಮಗೆ ಹೇಳಿದರೆ ಹಿಗ್ಗಬೇಡಿ. ನೀವೇ ಮಾಡಿಕೊಳ್ಳಿ, ನಮ್ಮನ್ನು ಬಿಟ್ಟುಬಿಡಿ ಎನ್ನುವುದರ ಮರ್ಯಾದಸ್ಥ ರೂಪ ಅದು.

ದಾರಿ ತೋರಿಸಿದವಳು ನನ್ನ ಹೆಂಡತಿ ಪದ್ಮಾ. ಅವಳು ನಮ್ಮ ಬೀದಿಯ ಭಜನಾ ಮಂಡಳಿಯ ಜೀವಾಳ. ಅಲ್ಲಿ ಯಾರೂ ಗೈರುಹಾಜರಾಗುವುದಿಲ್ಲ. ಜ್ವರ ಬಂದರೂ ಸ್ವೆಟರು ಹಾಕಿಕೊಂಡು ಬರುತ್ತಾರೆ. ನಾನು ಪುಣೆಯ ಕಾಗದ ಹಿಡಿದು ಹಣೆ ಒತ್ತಿಕೊಂಡು ಕೂತಿದ್ದಾಗ ಹುರುಳಿಕಾಯಿ ನಾರು ತೆಗೆಯುತ್ತ ಕೇಳಿದಳು.

"ಅಲ್ಲಾ ರೀ, ನಿಮ್ಮ ಸಂಘಕ್ಕೆ ಬಂದೋರು ಏನು ಮಾಡ್ಬೇಕು?"

"ಏನು ಮಾಡ್ಬೇಕು ಅಂದ್ರೆ? ಉಪನ್ಯಾಸ ಕೇಳ್ಬೇಕು."

"ಅಯ್ಯೋ, ಬರೀ ಕೇಳೋಕೆ ಯಾರು ಬರ್ತಾರ್ರೀ? ನಮ್ಮಲ್ಲಿ ನೋಡಿ, ಒಬ್ಬರಿಗೆ ತಾಳ, ಒಬ್ಬರಿಗೆ ಗಣಪತಿ ಸ್ತುತಿ, ಒಬ್ಬರಿಗೆ ಮಂಗಳಾರತಿ ತಟ್ಟೆ. ಕಮಲಮ್ಮಂಗೆ ಸ್ವರಾನೇ ಇಲ್ಲ, ಅವರಿಗೆ ಪ್ರಸಾದ ಹಂಚೋ ಕೆಲಸ. ತಪ್ಪಿಸ್ಕೊಳ್ಳಲಿ ನೋಡೋಣ! ಮುಂದಿನ ವಾರ ತಟ್ಟೆ ಇನ್ನೊಬ್ಬರ ಕೈಗೆ ಹೋಗುತ್ತೆ ಅನ್ನೋ ಭಯ ಇರುತ್ತೆ."

"ನಮ್ಮದು ವೈಜ್ಞಾನಿಕ ಸಂಘ ಕಣೇ."

"ಹೌದೌದು, ವಿಜ್ಞಾನಿಗಳಿಗೆ ಮೈಕು ಕಂಡ್ರೆ ಆಗೋದೇ ಇಲ್ಲ ಪಾಪ."

ಮರುದಿನ ಸಂಜೆಯಿಂದಲೇ ಫೋನು ಹಿಡಿದು ಕೂತೆ. ಒಂದು ಸಾಧಾರಣ ಸಭೆಯಲ್ಲಿ ಎಷ್ಟು ಕೆಲಸಗಳು ಅಡಗಿವೆ ಎಂಬುದು ಹಂಚಲು ಕೂತಾಗ ಗೊತ್ತಾಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಇವೆಲ್ಲ ಇದ್ದೇ ಇದ್ದವು. ದೀಪ ಬೆಳಗಲು ಬತ್ತಿಗೊಬ್ಬರಂತೆ ಐವರು, ಫ್ಯಾನಿನ ಗಾಳಿಗೆ ಕೈ ಅಡ್ಡ ಹಿಡಿಯಲು ಮತ್ತೊಬ್ಬರು. ಅತಿಥಿಗಳನ್ನು ಪರಿಚಯಿಸುವವರು, ಪರಿಚಯಿಸುವವರನ್ನು ಪರಿಚಯಿಸುವವರು. ಶಾಲು ಹೊದಿಸುವವರು ಒಬ್ಬರು, ಪೇಟ ತೊಡಿಸುವವರು ಇನ್ನೊಬ್ಬರು, ಹಣ್ಣಿನ ಬುಟ್ಟಿಗೆ ಇಬ್ಬರು. ಅದೇನೂ ಅಷ್ಟು ಭಾರದ ಬುಟ್ಟಿಯಲ್ಲ. ಶನಿವಾರವೆಂದರೆ ನೆಂಟರು, ಸೊಂಟನೋವು ಎನ್ನುತ್ತಿದ್ದವರೆಲ್ಲ ಈಗ ತಾವಾಗಿಯೇ ಫೋನು ಮಾಡತೊಡಗಿದರು. "ಸಾರ್, ಶಾಲು ಅವರಿಗೆ ಕೊಟ್ಟಿದೀರಂತೆ, ನಾನು ಅವರಿಗಿಂತ ಸೀನಿಯರ್ರು" ಎಂದು ಒಬ್ಬರು. ಮಲ್ಲೇಶ್ವರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವಸುಂಧರಾ ಎಂಬ ಚುರುಕು ಹೆಣ್ಣುಮಗಳು ನಿರೂಪಣೆ ಕೇಳಿ ಪಡೆದಳು. ನಂಜುಂಡಪ್ಪನವರಿಗೆ ವಂದನಾರ್ಪಣೆ. ನಿವೃತ್ತ ಪ್ರಾಧ್ಯಾಪಕ ಶೇಷಾದ್ರಿಗಳು ಎಂಬತ್ತು ದಾಟಿದವರು. ಸಭೆಯಲ್ಲಿ ನಿದ್ದೆ ಮಾಡುವುದು ಬಿಟ್ಟರೆ ಬೇರೆ ಹೊಣೆ ಹೊರಲಾರರು ಎಂದುಕೊಂಡಿದ್ದೆ. ಅವರೂ "ನನಗೇನೂ ಇಲ್ವೇನಯ್ಯಾ?" ಎಂದರು. ಹಿರಿಯರ ಆಶೀರ್ವಚನ ಎಂದು ಹೊಸದೊಂದು ಸ್ಥಾನ ಸೃಷ್ಟಿಸಿದೆ.

ಅಧ್ಯಕ್ಷರು ಬರಲಿದ್ದ ಆ ಶನಿವಾರ ನಾನು ಮಹಡಿ ಹತ್ತಿದಾಗ ಕಂಡದ್ದನ್ನು ನೆನೆದರೆ ಇಂದಿಗೂ ಮೈ ನವಿರೇಳುತ್ತದೆ. ಎಲ್ಲರೂ ಬಂದಿದ್ದರು. ರೇಷ್ಮೆ ಪಂಚೆ, ಸೂಟು, ಮದುವೆಗೆ ಉಡುವ ಸೀರೆ. ಜೇಬಿನಲ್ಲಿ ಭಾಷಣದ ಚೀಟಿ. ವಸುಂಧರಾ ಮೈಕು ಹಿಡಿದು "ಗಣ್ಯರನ್ನು ವೇದಿಕೆಗೆ ಆಹ್ವಾನಿಸುತ್ತೇನೆ" ಎಂದು ಒಬ್ಬೊಬ್ಬರನ್ನಾಗಿ ಕರೆದಳು. ಒಬ್ಬೊಬ್ಬರಾಗಿ ಹತ್ತಿದರು. ಒಂದು ಸಾಲು ತುಂಬಿತು. ಹಿಂದೆ ಎರಡನೆಯ ಸಾಲು ಹಾಕಿದರು. ಅದೂ ತುಂಬಿತು. ಮುಖ್ಯ ಅತಿಥಿಯನ್ನು ಎಲ್ಲರಿಗಿಂತ ಕೊನೆಗೆ ಕರೆಯುವುದು ನಮ್ಮ ಪದ್ಧತಿ. ಪುಣೆಯ ಅಧ್ಯಕ್ಷರು, ಬೆಳ್ಳಿ ಕೂದಲಿನ ಗಂಭೀರ ಮನುಷ್ಯ, ಮೆಟ್ಟಿಲ ಬಳಿಗೆ ಬಂದು ನಿಂತಾಗ ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿಯೂ ಇರಲಿಲ್ಲ, ಕುರ್ಚಿ ಹಾಕುವಷ್ಟು ನೆಲವೂ ಇರಲಿಲ್ಲ. ನಾನು ಕೆಳಗಿನಿಂದ ಎಲ್ಲರಿಗೂ ಕಣ್ಸನ್ನೆ ಮಾಡಿದೆ. ವೇದಿಕೆ ಏರಿ ಕೂತ ಮನುಷ್ಯನಿಗೆ ಕಣ್ಸನ್ನೆ ಕಾಣುವುದಿಲ್ಲ, ಅವನು ದೂರದಲ್ಲಿ ಎಲ್ಲೋ ನೋಡುತ್ತಿರುತ್ತಾನೆ. ಹಿಂದಿರುಗಿ ನೋಡಿದರೆ ಸಭಾಂಗಣದ ಅಷ್ಟೂ ಕುರ್ಚಿಗಳು ಬೋಳುಬೋಳಾಗಿ ನಮ್ಮನ್ನೇ ನೋಡುತ್ತಿದ್ದವು. ಮುಂದಿನ ಸಾಲಿನಲ್ಲಿ ಪದ್ಮಾ ಒಬ್ಬಳು. ಅಧ್ಯಕ್ಷರು ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತರು. ಅವರ ಪಕ್ಕದಲ್ಲಿ ನಾನು ಕುಸಿದೆ. ಸಭಿಕರೆಂದರೆ ನಾವಷ್ಟೇ.

ಇಷ್ಟು ಅಚ್ಚುಕಟ್ಟಾಗಿ ನಡೆದಿರಲಾರದು ಎಂದು ನನಗೂ ಅನುಮಾನ. ಹಿಂದಿನ ಸಾಲುಗಳಲ್ಲಿ ಇಬ್ಬರೋ ಮೂವರೋ ಇದ್ದರು, ಕೆಳಗಿನ ವಾಚನಾಲಯದಿಂದ ಪೇಪರು ಓದಿ ಮುಗಿಸಿ ಬಂದವರು ಎನ್ನುತ್ತಾಳೆ ಪದ್ಮಾ. ಇರಬಹುದು. ನನ್ನ ಕಥೆಯಲ್ಲಿ ಅವರಿಗೆ ಕೆಲಸ ಕೊಟ್ಟಿಲ್ಲವಾದ್ದರಿಂದ ಅವರು ಬರಲಿಲ್ಲ.

ಮುಂದೆ ಪ್ರಾರ್ಥನೆಯಾಯಿತು, ದೀಪವಾಯಿತು. ಶಾಲು, ಪೇಟ, ಬುಟ್ಟಿಗಳು ಮೆರವಣಿಗೆಯಲ್ಲಿ ಕೆಳಗಿಳಿದು ಬಂದು ಅಧ್ಯಕ್ಷರನ್ನು ಮುಚ್ಚಿಹಾಕಿ ಮತ್ತೆ ವೇದಿಕೆ ಹತ್ತಿದವು. ಶೇಷಾದ್ರಿಗಳನ್ನು ಎಬ್ಬಿಸಿದಾಗ ಅವರು ಎರಡೂ ಕೈ ಎತ್ತಿ "ನವದಂಪತಿಗಳು ನೂರ್ಕಾಲ ಸುಖವಾಗಿರಲಿ" ಎಂದರು. ಅಧ್ಯಕ್ಷರಿಗೆ ಕನ್ನಡ ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ಪದ್ಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವುದನ್ನು ನೋಡಿ, ಅವರೂ ಸೌಜನ್ಯಕ್ಕೆ ತಲೆಬಾಗಿ ಆಶೀರ್ವಾದ ಸ್ವೀಕರಿಸಿದರು. ನಾನು ನೆಲ ಬಿರಿಯಲೆಂದು ಕಾದೆ. ಚಾಮರಾಜಪೇಟೆಯ ಹಳೆಯ ಕಟ್ಟಡಗಳು ಗಟ್ಟಿ, ಬಿರಿಯಲಿಲ್ಲ.

ಅಧ್ಯಕ್ಷರ ಉಪನ್ಯಾಸದ ಸರದಿ ಬಂತು. ಹಡಗುಗಳ ತಳಕ್ಕೆ ಹಿಡಿಯುವ ತುಕ್ಕು ಅವರ ವಿಷಯ. ಮೈಕು ತೆಗೆದುಕೊಂಡು ನಮ್ಮ ಸಾಲಿನ ಮುಂದೆ ನಿಂತು, ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಖಾಲಿ ಕುರ್ಚಿಗಳನ್ನು ನೋಡಿದರು. ಆಮೇಲೆ ನಮ್ಮಿಬ್ಬರಿಗೆ ಬೆನ್ನು ಹಾಕಿ, ವೇದಿಕೆಯ ಕಡೆ ತಿರುಗಿ ಮಾತು ಶುರುಮಾಡಿದರು. ವೇದಿಕೆಯೇ ಸಭೆಯಾಗಿಬಿಟ್ಟಿತು. ಅಲ್ಲಿದ್ದವರಿಗೆ ತಾವು ಸಿಕ್ಕಿಬಿದ್ದದ್ದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎದ್ದು ಹೋಗುವಂತಿಲ್ಲ, ಆಕಳಿಸುವಂತಿಲ್ಲ, ಪಕ್ಕದವರ ಹತ್ತಿರ ಸೈಟಿನ ವಿಚಾರ ಮಾತಾಡುವಂತಿಲ್ಲ. ವಡೆಯ ವಾಸನೆ ಮೆಟ್ಟಿಲು ಹತ್ತಿ ಬಂದರೂ ಮೂಗು ತಿರುಗಿಸುವಂತಿಲ್ಲ. ಶಾಖೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಸದಸ್ಯರೆಲ್ಲರೂ ಒಂದು ಉಪನ್ಯಾಸವನ್ನು ಪೂರ್ತಿ ಕೇಳಿದರು. ಶೇಷಾದ್ರಿಗಳು ಕೂಡ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದರು.

ಕೊನೆಯಲ್ಲಿ ಅಧ್ಯಕ್ಷರು ಹೇಳಿದ್ದು ಇಷ್ಟು. ಬೇರೆ ಊರುಗಳಲ್ಲಿ ಒಬ್ಬ ಕಾರ್ಯದರ್ಶಿ ದುಡಿಯುತ್ತಾನೆ, ಉಳಿದವರು ನೋಡುತ್ತಾರೆ. ಇಲ್ಲಿ ಎಲ್ಲರೂ ದುಡಿಯುತ್ತಾರೆ, ನೋಡಲು ಜನವಿಲ್ಲ. ಇಂಥ ಶಾಖೆಯನ್ನು ಮುಚ್ಚುವ ಮಾತೇ ಇಲ್ಲ. ನಾನು ಪದ್ಮಾಳ ಕೈ ಅದುಮಿದೆ. ಅವರು ಮಾತು ಅಲ್ಲಿಗೇ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅವರು ಮುಂದುವರಿದರು. ಇಷ್ಟೊಂದು ಸಮರ್ಥರಿರುವಾಗ ಒಬ್ಬರೇ ಇಷ್ಟು ವರ್ಷ ಕಾರ್ಯದರ್ಶಿಯಾಗಿ ಏಕೆ ಕಷ್ಟಪಡಬೇಕು, ಮುಂದಿನ ತಿಂಗಳೇ ಚುನಾವಣೆ ನಡೆಸಿ ಅವರಿಗೂ ವಿಶ್ರಾಂತಿ ಕೊಡಿ ಎಂದರು. ವೇದಿಕೆಯ ಅಷ್ಟೂ ತಲೆಗಳು ಒಟ್ಟಿಗೆ ಅಲ್ಲಾಡಿದವು. ವಂದನಾರ್ಪಣೆಯ ನಂಜುಂಡಪ್ಪನವರು ನನ್ನನ್ನು ನೋಡಿ ಗದ್ಗದಿತರಾದರು. "ಮೂರ್ತಿಗಳಿಗೆ ವಿಶ್ರಾಂತಿ ಬೇಕು ಅಂತ ನನಗೆ ಯಾವತ್ತಿಂದಲೋ ಅನ್ನಿಸ್ತಿತ್ತು ಸಾರ್. ಸಂಕೋಚದಿಂದ ಹೇಳಿರ್ಲಿಲ್ಲ."

ಮುಂದಿನ ತಿಂಗಳು ಮೆಟ್ಟಿಲುಗಳ ಮೇಲೂ ಜನ ನಿಂತಿದ್ದರು. ವಸುಂಧರಾ ಭಾರಿ ಬಹುಮತದಿಂದ ಗೆದ್ದಳು. ನಂಜುಂಡಪ್ಪನವರು ಖಜಾಂಚಿಯಾದರು. ನನಗೆ ಬಿದ್ದ ಮತಗಳಲ್ಲಿ ಒಂದು ನನ್ನದೇ. ಉಳಿದವು ಇದ್ದವೋ ಇಲ್ಲವೋ, ಆ ವಿಷಯದಲ್ಲಿ ನನ್ನ ನೆನಪು ದಯೆ ತೋರಿ ಮಸುಕಾಗಿದೆ.

ಅದರ ಮುಂದಿನ ಸಭೆಯ ಹಿಂದಿನ ದಿನ ವಸುಂಧರಾಳ ಫೋನು ಬಂತು. "ಸಾರ್, ನಾಳೆ ಖಂಡಿತಾ ಬರ್ಬೇಕು. ನಿಮ್ಮಂಥ ಹಿರಿಯರು ಪಾಲ್ಗೊಂಡ್ರೇನೇ ನಮಗೆ ಉತ್ಸಾಹ."

"ಬರ್ತೀನಮ್ಮ. ನನಗೆ ಏನು ಕೆಲಸ ಇಟ್ಟಿದೀಯಾ?"

"ಅಯ್ಯೋ, ಏನೂ ಇಲ್ಲ ಸಾರ್. ನೀವು ಸುಮ್ನೆ ಬಂದು ಮುಂದೆ ಕೂತ್ಕೊಂಡು ಕೇಳಿದ್ರೆ ಸಾಕು."

ಹೋದೆ, ಮುಂದೆಯೇ ಕೂತೆ. ಯಾರೋ ತಜ್ಞರು ನೀರಿನ ಕೊಳವೆಗಳ ಬಗ್ಗೆ ಬಹಳ ಹೊತ್ತು ಮಾತನಾಡಿದರು. ಒಳ್ಳೆಯ ಉಪನ್ಯಾಸವಂತೆ. ಮುಗಿದ ಮೇಲೆ ವಸುಂಧರಾ ಸಭೆಯ ಕಡೆ ನೋಡಿ, ಸದಸ್ಯರು ಸಂಕೋಚಪಡದೆ ಪ್ರಶ್ನೆ ಕೇಳಿ ಚರ್ಚೆಯಲ್ಲಿ ತೊಡಗಿಸಿಕೊಳ್ಳಬೇಕು ಎಂದಳು. ಯಾರೂ ಏಳಲಿಲ್ಲ. ಸಂಘದ ಮೇಲಿನ ಅಭಿಮಾನದಿಂದ ನಾನೇ ಎದ್ದು ನಿಂತೆ, ಮೈಕು ತರಿಸಿಕೊಂಡೆ, ಗಂಟಲು ಸರಿಮಾಡಿಕೊಂಡೆ. ಮುಂದಿನ ಚುನಾವಣೆ ಯಾವಾಗ ಎಂದು ಕೇಳಿದೆ.